ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ಮತ್ತು ಇಂದಿನ ಶಕ್ತಿಗುಳಿಗೆಗಳು: ಒಂದು ವಿವೇಚನೆ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ನಮ್ಮ ಆಚಾರ್ಯರು ಔಷಧದಾನಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿರುವುದು ವಾಚಕರೆಲ್ಲರೂ ಬಲ್ಲ ಸಂಗತಿ. ಆದರೆ ಔಷಧವೆಂದರೆ ಯಾವುದು, ಔಷಧದ ವೇಷದಲ್ಲಿ ಮನೆಯೊಳಗೆ ಬರುವ ಯಾವುದು ಔಷಧವಲ್ಲ ಎಂಬ ವಿವೇಚನೆಯನ್ನು ನಾವು ಎಷ್ಟರಮಟ್ಟಿಗೆ ಮಾಡುತ್ತಿದ್ದೇವೆ? ಇತ್ತೀಚಿನ ವರ್ಷಗಳಲ್ಲಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಶ್ರಾವಕರ ಮನೆಗಳಲ್ಲಿ ನಿದ್ರೆಗೆಂದು, ನೆನಪಿನ ಶಕ್ತಿಗೆಂದು, ಮನಸ್ಸಿನ ಉಲ್ಲಾಸಕ್ಕೆಂದು ಮಾರಲಾಗುವ ಪುಡಿ, ಎಣ್ಣೆ, ಗುಳಿಗೆಗಳ ಡಬ್ಬಿಗಳು ದೇವರ ಮಾಡದ ಪಕ್ಕದಲ್ಲಿಯೇ ಸಾಲಾಗಿ ನಿಂತಿರುವುದನ್ನು ಕಾಣುತ್ತೇನೆ. ‘ಇವು ಇಂಗ್ಲಿಷ್ ಔಷಧಗಳಲ್ಲ, ನಿಸರ್ಗದತ್ತವಾದವು, ಆದ್ದರಿಂದ ಅಹಿಂಸಕವಾದವು’ ಎಂಬ ಸಮಾಧಾನವೂ ಅವುಗಳೊಡನೆ ಬರುತ್ತದೆ. ಈ ಸಮಾಧಾನ ಸರಿಯೇ ಎಂಬುದನ್ನು ನಮ್ಮದೇ ಪರಂಪರೆಯ ಒಂದು ವೈದ್ಯಗ್ರಂಥವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಗ್ರಂಥವೇ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’. ಶ್ರೀನಂದಿ ಗುರುಗಳ ಶಿಷ್ಯರಾದ ಆಚಾರ್ಯರು ರಾಮಗಿರಿಯಲ್ಲಿದ್ದು ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ 25 ಪರಿಚ್ಛೇದಗಳೂ ಅವುಗಳ ಹಿಂದೆ ಪರಿಶಿಷ್ಟ ಭಾಗಗಳೂ ಇವೆ. ಪರಿಶಿಷ್ಟಗಳಲ್ಲೊಂದಾದ ‘ಹಿತಾಹಿತ’ ಪ್ರಕರಣವು ನೃಪತುಂಗ ವಲ್ಲಭನ ಆಸ್ಥಾನದಲ್ಲಿ ಮಾಂಸದ ಔಷಧೀಯ ಗುಣವನ್ನು ಸಮರ್ಥಿಸುತ್ತಿದ್ದ ವೈದ್ಯರೆದುರು ನಡೆದ ವಾದದ ಸಾರವೆಂದು ಗ್ರಂಥವೇ ತಿಳಿಸುತ್ತದೆ. ಈ ನೃಪತುಂಗನನ್ನು ವಿದ್ವಾಂಸರು 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷನೊಡನೆ ಗುರುತಿಸುತ್ತಾರೆ. ಅದೇ ದೊರೆಯ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತಿರುವುದು ನಮ್ಮ ಜಿಲ್ಲೆಯ ಬಂಕಾಪುರ. 898ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಾಗ ಅಲ್ಲಿ ಆಳುತ್ತಿದ್ದವನು ಬಂಕೇಯನ ಮಗ ಲೋಕಾದಿತ್ಯ. ಆದ್ದರಿಂದ ಕಲ್ಯಾಣಕಾರಕವು ನಮಗೆ ದೂರದ ಗ್ರಂಥವಲ್ಲ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ ಅಚ್ಚಾದ ಮೇಲೆ ಅದು ಸಾಮಾನ್ಯ ಓದುಗರ ಕೈಗೂ ಬಂದಿತು.

ಈ ಗ್ರಂಥದ ಬಗ್ಗೆ ನಮ್ಮಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದೇ ಅಂಶವನ್ನು ಎತ್ತಿ ಹಿಡಿಯುತ್ತಾರೆ: ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ವೈದ್ಯವನ್ನು ರಚಿಸಿದ್ದು. ಆ ಪ್ರಶಂಸೆ ಯೋಗ್ಯವೇ. ಆದರೆ ಅರ್ಧವನ್ನು ಹೇಳಿ ಅರ್ಧವನ್ನು ಬಿಟ್ಟ ಪ್ರಶಂಸೆಯದು. ಆಚಾರ್ಯರು ಹಿಂಸೆಯಿಂದ ಬಂದ ದ್ರವ್ಯವನ್ನು ತ್ಯಜಿಸಿದರೇ ಹೊರತು ಚಿಕಿತ್ಸೆಯನ್ನು ತ್ಯಜಿಸಲಿಲ್ಲ. ಶಲ್ಯ, ಶಾಲಾಕ್ಯ, ಬಾಲರೋಗ, ವಿಷ ಮೊದಲಾದ ಅಂಗಗಳಲ್ಲಿ ಒಂದನ್ನೂ ಕೈಬಿಡದೆ, ತ್ಯಜಿಸಿದ ದ್ರವ್ಯದ ಸ್ಥಾನದಲ್ಲಿ ಗುಣವುಳ್ಳ ಬೇರೊಂದು ದ್ರವ್ಯವನ್ನು ನಿಲ್ಲಿಸುವ ಹೊಣೆಯನ್ನು ಹೊತ್ತರು. ರೋಗಿಗೆ ಬರಿಗೈಯಲ್ಲಿ ಉಪದೇಶ ಮಾಡಿ ಕಳುಹಿಸುವುದು ಅವರ ಅಹಿಂಸೆಯಲ್ಲ. ನನ್ನ ದೃಷ್ಟಿಯಲ್ಲಿ ಗ್ರಂಥದ ನಿಜವಾದ ಹಿರಿಮೆ ಇರುವುದು ಇಲ್ಲಿ.

ಇನ್ನೊಂದು ಅಂಶವೂ ಗಮನಾರ್ಹ. ಆಚಾರ್ಯರು ಸ್ವಾಸ್ಥ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕ ಎಂದು ಎರಡಾಗಿ ವಿಂಗಡಿಸುತ್ತಾರೆ. ಸಮಸ್ತ ಕರ್ಮಕ್ಷಯದಿಂದ ಆತ್ಮನಿಗೆ ದೊರೆಯುವ ಸುಖವು ಮೊದಲನೆಯದು. ಅಗ್ನಿ, ಧಾತು, ದೋಷಗಳ ಸಮತೆಯೊಡನೆ ಇಂದ್ರಿಯ ಮತ್ತು ಮನಸ್ಸುಗಳ ಪ್ರಸನ್ನತೆಯು ಎರಡನೆಯದು. ಮನಸ್ಸಿನ ಪ್ರಸನ್ನತೆ ವ್ಯಾವಹಾರಿಕ ಸ್ವಾಸ್ಥ್ಯದಲ್ಲಿ, ಎಂದರೆ ವೈದ್ಯನ ಕಾರ್ಯಕ್ಷೇತ್ರದಲ್ಲಿ ಬಂದಿರುವುದನ್ನು ವಾಚಕರು ಲಕ್ಷಿಸಬೇಕು. ನಿದ್ರೆಯಿಲ್ಲದೆ, ಅನ್ನ ಸೇರದೆ, ತಿಂಗಳುಗಟ್ಟಲೆ ಕುಗ್ಗಿ ಕುಳಿತವನಿಗೆ ‘ಇದು ಆರ್ತಧ್ಯಾನ, ಸ್ವಾಧ್ಯಾಯ ಹೆಚ್ಚು ಮಾಡು’ ಎಂದಷ್ಟೇ ಹೇಳಿ ಸುಮ್ಮನಾಗುವ ನಮ್ಮ ರೂಢಿಯು ಈ ಎರಡು ಸ್ವಾಸ್ಥ್ಯಗಳನ್ನು ಬೆರೆಸುವುದರಿಂದ ಹುಟ್ಟಿದ್ದು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಮೆಣಸಿನಕಾಯಿಯ ಅಡತಿಯಲ್ಲಿ ಒಂದು ವರ್ಷ ದೊಡ್ಡ ನಷ್ಟವಾದ ಮೇಲೆ ನನ್ನ ತಮ್ಮ ಮಾತು ಬಿಟ್ಟ, ನಿದ್ರೆ ಬಿಟ್ಟ. ಮನೋವೈದ್ಯರೊಬ್ಬರು ಕ್ಯಾಪ್ಸೂಲ್ ರೂಪದ ಔಷಧವನ್ನು ಬರೆದುಕೊಟ್ಟರು. ಅದರ ಹೊದಿಕೆ ಜಿಲೆಟಿನ್ ಎಂದು, ಜಿಲೆಟಿನ್ ಎಂದರೆ ಪ್ರಾಣಿಗಳ ಎಲುಬು ಮತ್ತು ಚರ್ಮದಿಂದ ತೆಗೆದದ್ದೆಂದು ತಿಳಿದೊಡನೆ ನಾನೇ ಮುಂದೆ ನಿಂತು ಅದನ್ನು ನಿಲ್ಲಿಸಿದೆ. ಅದರ ಬದಲು ಬಳಗದವರೊಬ್ಬರು ಮಾರುತ್ತಿದ್ದ ‘ನೈಸರ್ಗಿಕ’ ಡಬ್ಬಿಗಳನ್ನು ತರಿಸಿದೆ. ಎಂಟು ತಿಂಗಳು ಕಳೆದವು. ‘ಅಣ್ಣಾ, ನನಗೆ ಬೆಳಗಾಗುವುದೇ ಬೇಡವಾಗಿದೆ’ ಎಂದು ಅವನು ಅಂದ ರಾತ್ರಿಯ ಮರುದಿನವೇ ಅವನನ್ನು ಮತ್ತೆ ವೈದ್ಯರ ಬಳಿಗೆ ಕರೆದೊಯ್ದೆವು. ನಡೆದದ್ದನ್ನೆಲ್ಲ ಕೇಳಿದ ವೈದ್ಯರು ಹೇಳಿದ್ದು ಇಷ್ಟೇ: ‘ಅಂದೇ ಕೇಳಿದ್ದರೆ ಕ್ಯಾಪ್ಸೂಲ್ ಇಲ್ಲದ ಗುಳಿಗೆ ಬರೆದುಕೊಡುತ್ತಿದ್ದೆನಲ್ಲ.’ ರಕ್ತಪರೀಕ್ಷೆಯಲ್ಲಿ ವಿಟಮಿನ್ ಬಿ12 ಬಹಳ ಕಡಿಮೆಯೆಂದೂ ಕಂಡಿತು. ಅದಕ್ಕೆ ಇಂಜೆಕ್ಷನ್ ಕೊಟ್ಟರು. ಪಾದಗಳ ಜೋಮು, ಆಯಾಸಗಳು ಇಳಿದವು. ಮನಸ್ಸು ತಿಳಿಯಾದದ್ದು ಮಾತ್ರ ವೈದ್ಯರ ಗುಳಿಗೆ, ಮಾತುಕತೆ ಮತ್ತು ಕಾಲ ಈ ಮೂರರಿಂದ. ಮನೆಗೆ ಬಂದು ಹಳೆಯ ಡಬ್ಬಿಗಳನ್ನು ಹೊರಹಾಕುವಾಗ ಒಂದರ ಹಿಂಬದಿಯಲ್ಲಿ ಮಾಂಸಾಹಾರದ ಕಂದು ಗುರುತು ಕಂಡಿತು. ಒಳಗಿನ ಮೆದು ಗುಳಿಗೆಯ ಹೊದಿಕೆಯೂ ಜಿಲೆಟಿನ್ನೇ! ಮಾದರಿಯ ಕಾಯಿಯನ್ನು ಮುರಿದು, ಬಣ್ಣ ನೋಡಿ, ಬೀಜ ನೋಡಿ ದರ ಹೇಳುವ ವ್ಯಾಪಾರಿಯಾದ ನಾನು ಎಂಟು ತಿಂಗಳು ಆ ಡಬ್ಬಿಯನ್ನು ತಿರುಗಿಸಿ ನೋಡಿರಲಿಲ್ಲ.

ಆದ್ದರಿಂದ ಇಂತಹ ಪ್ರತಿಯೊಂದು ಡಬ್ಬಿಗೂ ಎರಡು ಪ್ರಶ್ನೆಗಳನ್ನು ಕೇಳಬೇಕೆಂದು ನಾನು ಆಚಾರ್ಯರಿಂದ ಕಲಿತೆ. ಇದು ಎಲ್ಲಿಂದ ಬಂದಿತು? ಇದು ಹೇಳಿದ ಕೆಲಸವನ್ನು ಮಾಡುತ್ತದೆಯೆ?

ಮೊದಲನೆಯ ಪ್ರಶ್ನೆ. ಬಿ12 ಅನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಅದಕ್ಕಾಗಿ ಪಶುವಧೆಯ ಅವಶ್ಯಕತೆಯಿಲ್ಲ. ಅದನ್ನು ಮೆದು ಜಿಲೆಟಿನ್ ಹೊದಿಕೆಯಲ್ಲಿ ತುಂಬಿದ್ದರೆ ಮಾತು ಬೇರೆ. ವಿಟಮಿನ್ ಡಿ3 ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ದೊರೆಯುತ್ತದೆ. ಒಮೆಗಾ-3 ಎಂದು ಮಾರುವುದರಲ್ಲಿ ಹೆಚ್ಚಿನದು ಮೀನೆಣ್ಣೆ. ಪಾಚಿಯಿಂದ ತೆಗೆದ ಎಣ್ಣೆಯೂ ಉಂಟು. ಆಹಾರ ಪೂರಕಗಳ ಮೇಲೆ ಹಸಿರು ಅಥವಾ ಕಂದು ಗುರುತು ಇರುತ್ತದೆ. ವೈದ್ಯರು ಬರೆದುಕೊಡುವ ಔಷಧಗಳಿಗೆ ಆಹಾರದ ಈ ನಿಯಮ ಅನ್ವಯಿಸದ ಕಾರಣ ಅಲ್ಲಿ ವೈದ್ಯರನ್ನೂ ಔಷಧದಂಗಡಿಯವರನ್ನೂ ಬಾಯಿಬಿಟ್ಟು ಕೇಳಬೇಕು. ಕ್ಯಾಪ್ಸೂಲನ್ನು ಬಿಡಿಸಿ ಒಳಗಿನ ಪುಡಿಯನ್ನಷ್ಟೇ ನುಂಗುವ ರೂಢಿ ನಮ್ಮಲ್ಲುಂಟು. ನಿಧಾನವಾಗಿ ಕರಗಲೆಂದು ಮಾಡಿದ ಔಷಧಕ್ಕೆ ಇದು ಅಪಾಯಕರ, ಕೇಳದೆ ಮಾಡಬಾರದು. ಸೂರ್ಯಾಸ್ತದ ಮೊದಲೇ ತೆಗೆದುಕೊಳ್ಳಲು ಸಾಧ್ಯವೇ ಎಂದು ಕೇಳುವುದಕ್ಕೂ ಸಂಕೋಚ ಬೇಡ.

ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದು ಇನ್ನೂ ಕಡಿಮೆ. ಸಸ್ಯಾಹಾರದಲ್ಲಿ ಬಿ12 ದೊರೆಯುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ಆದಕಾರಣ ನಮ್ಮ ವೃದ್ಧರಲ್ಲಿ, ಹಾಲನ್ನು ಬಿಟ್ಟವರಲ್ಲಿ, ಸಕ್ಕರೆ ರೋಗಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅದರ ಕೊರತೆ ಉಂಟಾಗಬಹುದು. ಮರೆವು, ಮಂಕು, ಖಿನ್ನತೆಗಳೂ ಅದರ ಲಕ್ಷಣಗಳಾಗಿರಬಹುದು. ಪರೀಕ್ಷೆ ಮಾಡಿಸಿ ಕೊರತೆಯನ್ನು ತುಂಬುವುದು ಸರಿಯಾದ ಚಿಕಿತ್ಸೆ. ಕೊರತೆಯೇ ಇಲ್ಲದವನಿಗೆ ಅದೇ ವಸ್ತುವನ್ನು ಉಲ್ಲಾಸದ ಹೆಸರಿನಲ್ಲಿ ಮಾರುವುದು ಬೇರೆ ಸಂಗತಿ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ 18,000ಕ್ಕೂ ಹೆಚ್ಚು ಮಂದಿ ಸುಮಾರು ಐದು ವರ್ಷ ಭಾಗವಹಿಸಿದ್ದರು. ವಿಟಮಿನ್ ಡಿ ಸೇವನೆ ಖಿನ್ನತೆಯನ್ನು ತಡೆಯಲಿಲ್ಲ. 2021ರಲ್ಲಿ ಒಮೆಗಾ-3ರ ವಿಷಯದಲ್ಲಿಯೂ ಅಂಥದೇ ನಿರಾಶೆಯ ಫಲಿತಾಂಶ ಬಂದಿತು. 2019ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದರಲ್ಲಿ ಹಲವು ಪೋಷಕಾಂಶಗಳನ್ನು ಕೂಡಿಸಿ ಒಂದು ವರ್ಷ ಕೊಟ್ಟರೂ ಖಿನ್ನತೆಯನ್ನು ತಡೆಯಲಾಗಲಿಲ್ಲ. ಸಸ್ಯಮೂಲವೆಂದ ಮಾತ್ರಕ್ಕೆ ನಿರಪಾಯವೆಂದೂ ತಿಳಿಯಬಾರದು. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು ಖಿನ್ನತೆಯ ಕೆಲವು ಔಷಧಗಳೊಡನೆ ಸೇರಿದರೆ ಪ್ರಾಣಾಪಾಯ ತರಬಲ್ಲದು. ಅಶ್ವಗಂಧದ ಸೇವನೆಯಿಂದ ಯಕೃತ್ತಿಗೆ ಹಾನಿಯಾದ ವಿರಳ ಉದಾಹರಣೆಗಳೂ ವರದಿಯಾಗಿವೆ. ನಮ್ಮ ದೇಶದ 2016ರ ನಿಯಮಾವಳಿಯು ಇಂತಹ ಪೂರಕಗಳ ಮೇಲೆ ಔಷಧೀಯ ಬಳಕೆಗಲ್ಲವೆಂದು ಮುದ್ರಿಸುವಂತೆ ವಿಧಿಸಿತು. ಡಬ್ಬಿಯೇ ತಾನು ಔಷಧವಲ್ಲವೆಂದು ಹೇಳುತ್ತಿರುವಾಗ ನಾವು ಅದನ್ನು ಔಷಧವೆಂದು ನಂಬುವುದು ಯಾವ ನ್ಯಾಯ?

ಕಲ್ಯಾಣಕಾರಕಕ್ಕೂ ಮಿತಿಗಳಿವೆ ಎಂಬುದನ್ನು ಹೇಳದಿದ್ದರೆ ಈ ವಿಮರ್ಶೆ ಏಕಪಕ್ಷೀಯವಾದೀತು. ಅದರಲ್ಲಿ ಗ್ರಹಪೀಡೆ, ಭೂತತಂತ್ರಗಳ ಭಾಗವಿದೆ, ಪಾರದದ ಪ್ರಯೋಗಗಳಿವೆ. ಅವು ಆ ಕಾಲದ ವೈದ್ಯಜ್ಞಾನ. ಇಂದು ಉನ್ಮಾದದ ರೋಗಿಗೆ ಆ ಪುಟಗಳನ್ನು ನೋಡಿ ಚಿಕಿತ್ಸೆ ಮಾಡಹೊರಟವನು ಆಚಾರ್ಯರಿಗೆ ಗೌರವವನ್ನು ಸಲ್ಲಿಸಿದಂತಾಗುವುದಿಲ್ಲ. ತಮ್ಮ ಕಾಲದ ಅತ್ಯುತ್ತಮ ವೈದ್ಯವನ್ನು ತೆಗೆದುಕೊಂಡು, ಅದರಲ್ಲಿನ ಹಿಂಸೆಯನ್ನು ಸೋಸಿ, ಗುಣವನ್ನು ಉಳಿಸಿದ್ದು ಅವರ ಮಾರ್ಗ. ನಾವು ಅನುಸರಿಸಬೇಕಾದದ್ದು ಆ ಮಾರ್ಗವನ್ನು. ಅವರ ಯೋಗಗಳ ಪಟ್ಟಿಯನ್ನಲ್ಲ.

ಹಿಂಸೆಯ ಮೂಲವು ಪ್ರಮಾದವೆಂದು ನಮ್ಮ ಶಾಸ್ತ್ರವು ಸಾರುತ್ತದೆ. ಡಬ್ಬಿಯನ್ನು ಓದದೆ ನುಂಗುವುದು ಪ್ರಮಾದವಾದರೆ, ರೋಗಿಯನ್ನು ಚಿಕಿತ್ಸೆಯಿಲ್ಲದೆ ಕೂರಿಸುವುದು ಅದಕ್ಕಿಂತ ದೊಡ್ಡ ಪ್ರಮಾದ. ಸಮ್ಯಗ್ದರ್ಶನದ ಅಂಗವಾದ ನಿರ್ವಿಚಿಕಿತ್ಸೆಯು ರೋಗಿಯನ್ನು ಕಂಡು ಹೇಸಬಾರದೆಂದು ಕಲಿಸುತ್ತದೆ. ಮೈಯ ರೋಗಿಯ ಬಗ್ಗೆ ಇದನ್ನು ಒಪ್ಪುವ ನಾವು ಮನಸ್ಸಿನ ರೋಗಿಯನ್ನು ಸಂಬಂಧಕ್ಕೆ ಅಡ್ಡಿಯಾದೀತೆಂದು ಒಳಮನೆಯಲ್ಲಿ ಬಚ್ಚಿಡುತ್ತೇವೆ. ಅದಕ್ಕೆ ಉಪಗೂಹನವೆಂಬ ಹೆಸರನ್ನೂ ಕೊಡುತ್ತೇವೆ. ಉಪಗೂಹನವಿರುವುದು ಪರರ ದೋಷವನ್ನು ಮುಚ್ಚುವುದಕ್ಕೆ. ರೋಗವು ದೋಷವಲ್ಲ, ಅದಕ್ಕೆ ಬೇಕಾದದ್ದು ವೈಯಾವೃತ್ತ್ಯ.

ಬಸದಿಗಳ ಟ್ರಸ್ಟಿನ ಧರ್ಮಬಂಧುಗಳಲ್ಲಿ ಒಂದು ವಿನಂತಿ. ಔಷಧದಾನದ ನಿಧಿಯಿಂದ ಶಕ್ತಿವರ್ಧಕ ಡಬ್ಬಿಗಳನ್ನು ಹಂಚುವ ಬದಲು, ಅದೇ ಹಣದಲ್ಲಿ ವೃದ್ಧರಿಗೆ ಬಿ12 ರಕ್ತಪರೀಕ್ಷೆ ಮಾಡಿಸಿರಿ. ಬಡ ಶ್ರಾವಕನೊಬ್ಬನಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಿಬರುವ ವೆಚ್ಚವನ್ನು ಕೊಡಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬಸದಿಯ ಫಲಕದ ಮೇಲೆ ಬರೆಸಿರಿ. ಅದಕ್ಕೆ ಕರೆ ಮಾಡಲು ಹಣ ಕೊಡಬೇಕಾಗಿಲ್ಲ.

ನನ್ನ ತಮ್ಮ ಈಗ ಪ್ರತಿದಿನ ಅಡತಿಗೆ ಬಂದು ಕೂರುತ್ತಾನೆ. ಈ ಲೇಖನವನ್ನು ಅವನಿಗೆ ಓದಿ ಹೇಳಿ, ಅವನ ಒಪ್ಪಿಗೆಯನ್ನು ಪಡೆದೇ ಕಳುಹಿಸುತ್ತಿದ್ದೇನೆ. ಕೇಳಿ ಮುಗಿಸಿದ ಮೇಲೆ ಅವನು ಒಂದೇ ಮಾತು ಸೇರಿಸಲು ಹೇಳಿದ: ‘ಎಂಟು ತಿಂಗಳು ಎಂದು ಬರೆದಿರುವೆ. ನನಗೆ ಅದು ಎಂಟು ವರ್ಷವಾಗಿತ್ತು.’ ಆ ಎಂಟು ತಿಂಗಳು ಬೇರೆ ಯಾವ ಮನೆಯಲ್ಲಿಯೂ ಮರುಕಳಿಸದಿರಲಿ. ಬರವಣಿಗೆಯಲ್ಲಿ ಆಗಮಕ್ಕೆ ವಿರುದ್ಧವಾದದ್ದೇನಾದರೂ ನುಸುಳಿದ್ದರೆ ಜ್ಞಾನಿಗಳು ಕ್ಷಮಿಸಿ ತಿದ್ದಬೇಕು.