ಯೋಶ್ ಉಚಿದಾ: ಕಟ್ಟಿದ್ದು, ಕಟ್ಟಲಾಗದ್ದು

ಅಮೆರಿಕದ ಜೂಡೊ ಬಗ್ಗೆ ಬರೆಯುವವರು ಯೋಶ್ ಉಚಿದಾ ಅವರನ್ನು ‘ಪಿತಾಮಹ’ ಎಂದು ಕರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಪಿತಾಮಹರ ಪಟ್ಟ ಸಿಕ್ಕವರ ಕೆಲಸವನ್ನು ಆಮೇಲೆ ಯಾರೂ ಒರೆಗೆ ಹಚ್ಚುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ ಒಂದರಲ್ಲೇ ಏಳು ದಶಕಕ್ಕೂ ಹೆಚ್ಚು ಕಾಲ ನೆಲೆಯೂರಿದ್ದ ಈ ಕೋಚ್, ನನ್ನ ಮಟ್ಟಿಗೆ, ದೊಡ್ಡ ಗುರು ಎನ್ನುವುದಕ್ಕಿಂತ ದೊಡ್ಡ ಸಂಘಟಕ. ಆ ಸಂಘಟನೆಯ ಗುಣವೂ ಕೊರತೆಯೂ ಅವರು ಬಂದ ದಾರಿಯಲ್ಲೇ ಇವೆ.

ಉಚಿದಾ ಹುಟ್ಟಿದ್ದು 1920ರಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡ ಕಲೆಕ್ಸಿಕೊ ಊರಿನಲ್ಲಿ. ಮನೆಯವರು ಜಪಾನಿನಿಂದ ಬಂದು ಬೇಸಾಯ ಮಾಡಿಕೊಂಡಿದ್ದವರು. ಹತ್ತರ ವಯಸ್ಸಿಗೇ ಜೂಡೊ ಶುರುವಾಯಿತು. 1940ರಲ್ಲಿ ಸ್ಯಾನ್ ಹೋಸೆಗೆ ಓದಲು ಬಂದಾಗ ಪೊಲೀಸ್ ಕೋರ್ಸಿನ ಹುಡುಗರಿಗೆ ಜೂಡೊ ಹೇಳಿಕೊಡುವ ಕೆಲಸ ಗಂಟುಬಿತ್ತು. ಜಪಾನಿ ಮುಖದ ಸಣ್ಣ ಆಳೊಬ್ಬ ತಮ್ಮನ್ನು ಎತ್ತಿ ಹಾಕುವುದು ಆ ಧಾಂಡಿಗರಿಗೆ ಹಿಡಿಸಲಿಲ್ಲ. ಆದರೆ ಜೂಡೊದಲ್ಲಿ ಎತ್ತುವುದಕ್ಕಿಂತ ಮೊದಲು ಅಲುಗಿಸುವುದಿದೆ. ಎದುರಾಳಿಯ ತೋಳು ಮತ್ತು ಕಾಲರು ಹಿಡಿದು ಸ್ವಲ್ಪವೇ ಮುಂದಕ್ಕೆ ಜಗ್ಗಿದರೆ ಅವನ ಭಾರವೆಲ್ಲ ಕಾಲ್ಬೆರಳ ತುದಿಗೆ ಬರುತ್ತದೆ, ಹಿಮ್ಮಡಿ ನೆಲ ಬಿಡುತ್ತದೆ. ಆ ಗಳಿಗೆಯಲ್ಲಿ ಕಾಲು ಅಡ್ಡ ಕೊಟ್ಟರೆ ಸಾಕು, ಬೀಳುವ ಕೆಲಸವನ್ನು ಅವನೇ ಮಾಡಿಕೊಳ್ಳುತ್ತಾನೆ. ಹೀಗೆ ಸಮತೋಲ ತಪ್ಪಿಸುವುದಕ್ಕೆ ಜಪಾನಿನಲ್ಲಿ ಕುಝುಷಿ ಎನ್ನುತ್ತಾರೆ.

ಯುದ್ಧ ಬಂತು. ಉಚಿದಾ ಸೇನೆಗೆ ಸೇರಬೇಕಾಯಿತು. ಅದೇ ಸರ್ಕಾರ ಅವರ ಮನೆಯವರನ್ನು ಬಂಧನ ಶಿಬಿರಕ್ಕೆ ಅಟ್ಟಿತು. 1942ರಲ್ಲಿ ಊರಿನ ಜಪಾನಿ ಮೂಲದವರ ಹೆಸರು ಬರೆದುಕೊಂಡು ಶಿಬಿರಗಳಿಗೆ ಸಾಗಿಸಿದ್ದು ಸ್ಯಾನ್ ಹೋಸೆ ಸ್ಟೇಟ್‌ನ ಜಿಮ್ನೇಷಿಯಂನಿಂದ. 1997ರಲ್ಲಿ ಆ ಕಟ್ಟಡಕ್ಕೆ ಉಚಿದಾ ಅವರದೇ ಹೆಸರಿಟ್ಟರು. ಇದನ್ನು ಹೇಳಿ ಕಣ್ಣೊರೆಸಿಕೊಳ್ಳುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಯುದ್ಧ ಮುಗಿಸಿ ವಾಪಸಾದ ಮೇಲೆ ಅವರು ಹೊಟ್ಟೆಪಾಡಿಗೆ ಜೂಡೊವನ್ನು ನೆಚ್ಚಿಕೊಳ್ಳಲಿಲ್ಲ ಎಂಬುದು. ರಕ್ತಪರೀಕ್ಷೆಯ ಲ್ಯಾಬ್ ನಡೆಸಿ, ಒಂದನ್ನು ಹಲವಾಗಿಸಿ, ಆ ದಂಧೆಯಲ್ಲಿ ಗಳಿಸಿದರು. ಆ ಸ್ವಾವಲಂಬನೆಯಿಂದಲೇ ಯಾರ ಮುಲಾಜಿಗೂ ಬೀಳದೆ ಕೋಚಿಂಗ್ ಮಾಡಲು ಆಯಿತು ಅನ್ನಿಸುತ್ತದೆ.

ಅವರ ನಿಜವಾದ ಸಾಧನೆ ಕಾಗದದ ಮೇಲಿನದು. ಬರ್ಕ್ಲಿಯ ಕುಸ್ತಿ ಕೋಚ್ ಹೆನ್ರಿ ಸ್ಟೋನ್ ಜೊತೆ ಸೇರಿ ಜೂಡೊಗೆ ತೂಕದ ವಿಭಾಗಗಳನ್ನು ತಂದರು. 1953ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು ಸ್ಯಾನ್ ಹೋಸೆಯಲ್ಲೇ. ಸಂಪ್ರದಾಯಸ್ಥರಿಗೆ ಈ ತೂಕದ ವಿಭಾಗಗಳು ಅಪಚಾರ: ಸಣ್ಣವನು ದೊಡ್ಡವನನ್ನು ಕೆಡವುವುದೇ ಈ ವಿದ್ಯೆಯ ಹೆಮ್ಮೆಯಲ್ಲವೆ? ಕೆಡವಿ ತೋರಿಸಿದ್ದ ಸಣ್ಣ ಆಳೇ ತಕ್ಕಡಿ ತಂದಿಟ್ಟದ್ದು ವಿಚಿತ್ರವೇ. ಆದರೂ ಸರಿ ಎನ್ನಲೇಬೇಕು. ಮೈಸೂರು ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟುವ ಹಿರಿಯರೂ ಯಾರಿಗೋ ಯಾರನ್ನೋ ಬಿಡುವುದಿಲ್ಲ. 1961ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತೂಕದ ವಿಭಾಗವಿರಲಿಲ್ಲ. ಡಚ್ಚರ ದೈತ್ಯ ಆಂಟನ್ ಗೀಸಿಂಕ್ ಗೆದ್ದುಕೊಂಡು ಹೋದರು. ಸಮಾನ ಕೌಶಲದವರು ಎದುರಾದರೆ ಮೈಭಾರ ಮಾತಾಡುತ್ತದೆ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ನಷ್ಟವೂ ಇಲ್ಲದಿಲ್ಲ. ಸ್ಪರ್ಧೆಯ ಹಿಂದಿನ ದಿನ ಹಸಿದು ಬೆವರಿಳಿಸಿ ತೂಕ ಇಳಿಸುವ ಪಾಡು ಈ ತಕ್ಕಡಿಯದೇ ಕೊಡುಗೆ.

1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಜೂಡೊ ಬಂದಾಗ ಅಮೆರಿಕ ತಂಡದ ಕೋಚ್ ಉಚಿದಾ. ತಂಡದಲ್ಲಿ ನಾಲ್ವರು: ಯಹೂದಿ ಜಿಮ್ ಬ್ರೆಗ್ಮನ್, ಕಪ್ಪು ವರ್ಣೀಯ ಜಾರ್ಜ್ ಹ್ಯಾರಿಸ್, ಜಪಾನಿ ಮೂಲದ ಪಾಲ್ ಮರುಯಾಮಾ, ಷೆಯೆನ್ ಬುಡಕಟ್ಟಿನ ಬೆನ್ ಕ್ಯಾಂಪ್‌ಬೆಲ್. ಬ್ರೆಗ್ಮನ್ ಕಂಚು ತಂದರು. ಸ್ಯಾನ್ ಹೋಸೆಯಲ್ಲೇ ಓದಿದ್ದ ಕ್ಯಾಂಪ್‌ಬೆಲ್ ಮುಂದೆ ಸೆನೆಟರ್ ಆದರು.

ಇನ್ನು ಕೊರತೆಯ ಮಾತು. ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಗಳನ್ನು ಬಹುಪಾಲು ಸ್ಯಾನ್ ಹೋಸೆಯೇ ಬಾಚಿಕೊಂಡಿತು. ಇದನ್ನು ಹೊಗಳಿಕೆಯಾಗಿ ಹೇಳುತ್ತಾರೆ. ನಾನು ದೂರಾಗಿಯೇ ಓದುತ್ತೇನೆ. ಎದುರಾಳಿ ಕಾಲೇಜು ಒಂದೂ ಗಟ್ಟಿಯಾಗಿ ಬೆಳೆಯಲಿಲ್ಲ ಎಂದಲ್ಲವೆ ಅದರ ಅರ್ಥ? ಅಮೆರಿಕದ ಕಾಲೇಜು ಕ್ರೀಡೆಯ ಹಣವೆಲ್ಲ ಅದರ ಆಡಳಿತ ಸಂಸ್ಥೆ ಎನ್‌ಸಿಎಎ ಸುತ್ತ ತಿರುಗುತ್ತದೆ, ಜೂಡೊ ಅದರ ಪಟ್ಟಿಗೆ ಸೇರಲೇ ಇಲ್ಲ. 1987ರ ವಿಶ್ವ ಚಾಂಪಿಯನ್ ಮೈಕ್ ಸ್ವೇನ್, 1988ರ ಒಲಿಂಪಿಕ್ ಬೆಳ್ಳಿ ವಿಜೇತ ಕೆವಿನ್ ಅಸಾನೊ, 2012ರಲ್ಲಿ ಕಂಚು ಗೆದ್ದ ಮಾರ್ಟಿ ಮಲಾಯ್, ಎಲ್ಲರೂ ಸ್ಯಾನ್ ಹೋಸೆ ಅಂಗಳದವರೇ. ಆದರೆ ದೇಶಕ್ಕೆ ಒಲಿಂಪಿಕ್ ಚಿನ್ನ ಬಂದದ್ದು 2012 ಮತ್ತು 2016ರಲ್ಲಿ, ಕೇಲಾ ಹ್ಯಾರಿಸನ್ ಅವರಿಂದ. ಆಕೆ ಪಳಗಿದ್ದು ಮ್ಯಾಸಚೂಸೆಟ್ಸ್‌ನಲ್ಲಿ ಜಿಮ್ಮಿ ಪೆಡ್ರೊ ಅವರ ಕ್ಲಬ್ಬಿನಲ್ಲಿ. 104 ವರ್ಷ ಬಾಳಿ 2024ರಲ್ಲಿ ತೀರಿಕೊಂಡ ಉಚಿದಾ ಎಲ್ಲ ಕಾಲೇಜುಗಳಿಗೂ ಒಗ್ಗುವಂಥ ನಿಯಮ ಬರೆದರು, ಆದರೆ ಆ ನಿಯಮದ ಮೇಲೆ ಇನ್ನೊಂದು ಸ್ಯಾನ್ ಹೋಸೆ ಎದ್ದು ನಿಲ್ಲಲಿಲ್ಲ.