ನಮ್ಮ ಸಾಮರ್ಥ್ಯಕ್ಕೆ ಸಾಕ್ಷಿ ಯಾರು?

ಕಂಪನಿಯಲ್ಲಿ ದುಡಿಯುವ ನಿಮ್ಮ ಮಗನೋ ಮಗಳೋ ವ್ಯಕ್ತಿತ್ವ ಪರೀಕ್ಷೆಯೊಂದಕ್ಕೆ ಉತ್ತರಿಸಿ, 'ನನ್ನ ಐದು ಸಾಮರ್ಥ್ಯಗಳು ಇವು' ಎಂದು ಪಟ್ಟಿಯನ್ನು ತೋರಿಸಿರಬಹುದು. ಇಂತಹ ಪರೀಕ್ಷೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ಅಮೆರಿಕದ ಗ್ಯಾಲಪ್ ಸಂಸ್ಥೆಯದು. ಅದನ್ನು ವಿವರಿಸುವ ಟಾಮ್ ರಾತ್ ಅವರ 'ಸ್ಟ್ರೆಂತ್ಸ್‌ಫೈಂಡರ್ 2.0' ಎಂಬ ಪುಸ್ತಕ 2007ರಲ್ಲಿ ಪ್ರಕಟವಾಯಿತು. ಪುಸ್ತಕವನ್ನು ಓದಿ, ಪರೀಕ್ಷೆಗೂ ಕುಳಿತ ಮೇಲೆ ನನಗೆ ತೋರಿದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಈ ಪರೀಕ್ಷೆಯ ಮೂಲಪುರುಷರು ಡೊನಾಲ್ಡ್ ಕ್ಲಿಫ್ಟನ್ (1924–2003). ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಟಾಮ್ ರಾತ್ ಅವರ ತಾತ. ಮನುಷ್ಯನ ಕೊರತೆಗಳನ್ನೇ ಎಣಿಸುವ ಬದಲು ಅವನಲ್ಲಿರುವ ಒಳಿತನ್ನು ಏಕೆ ಅಭ್ಯಾಸ ಮಾಡಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆ ಉದಾತ್ತವಾದುದು. ಮಕ್ಕಳ ಅಂಕಪಟ್ಟಿಯಲ್ಲಿ ಕಡಿಮೆ ಅಂಕ ಬಂದ ವಿಷಯವೊಂದನ್ನೇ ದಿಟ್ಟಿಸುವ ಹೆತ್ತವರು ಇದನ್ನು ಮನನ ಮಾಡಬೇಕು. ಪುಸ್ತಕದ ನಿಜವಾದ ಹಿರಿಮೆ ಇಲ್ಲಿದೆ.

ಪರೀಕ್ಷೆಯ ವಿಧಾನ ಸರಳ. 177 ಜೋಡಿ ಹೇಳಿಕೆಗಳು ಒಂದೊಂದಾಗಿ ಪರದೆಯ ಮೇಲೆ ಮೂಡುತ್ತವೆ. ಯಾವುದು ನಿಮಗೆ ಹೆಚ್ಚು ಹೊಂದುತ್ತದೆ ಎಂಬುದನ್ನು 20 ಸೆಕೆಂಡುಗಳೊಳಗೆ ಸೂಚಿಸಬೇಕು. ಕೊನೆಗೆ 34 ಗುಣಗಳಲ್ಲಿ ಮೊದಲ ಐದರ ಹೆಸರು ನಿಮ್ಮ ಕೈಸೇರುತ್ತದೆ. ಪುಸ್ತಕದೊಳಗಿನ ಸಂಕೇತ ಸಂಖ್ಯೆಯನ್ನು ಒಮ್ಮೆ ಮಾತ್ರ ಬಳಸಬಹುದಾದ್ದರಿಂದ, ಒಂದು ಪ್ರತಿ ಮನೆಯಲ್ಲಿ ಒಬ್ಬರಿಗಷ್ಟೇ ಪರೀಕ್ಷೆಯ ಅವಕಾಶ ನೀಡುತ್ತದೆ.

ಒಬ್ಬರ ಐದು ಗುಣಗಳು ಅದೇ ಕ್ರಮದಲ್ಲಿ ಇನ್ನೊಬ್ಬರಿಗೆ ದೊರೆಯುವ ಸಂಭವ ಮೂರು ಕೋಟಿ ಮೂವತ್ತು ಲಕ್ಷದಲ್ಲಿ ಒಂದು ಎಂದು ಗ್ಯಾಲಪ್ ಸಂಸ್ಥೆ ಹೇಳುತ್ತದೆ. ಕೇಳಿದವರು ಬೆರಗಾಗುತ್ತಾರೆ. ಆದರೆ 34, 33, 32, 31, 30 ಇವನ್ನು ಗುಣಿಸಿ ನೋಡಿ: 3,33,90,720 ಬರುತ್ತದೆ. ಇದು ಜೋಡಣೆಗಳ ಲೆಕ್ಕ. ನಿಮ್ಮ ಅಂತರಂಗದ ಅಳತೆಯಲ್ಲ. ಎಲ್ಲ ಗುಣಗಳೂ ಜನರಲ್ಲಿ ಸಮನಾಗಿ ಹಂಚಿಕೆಯಾಗಿದ್ದರೆ ಮಾತ್ರ ಆ ಲೆಕ್ಕ ಸಲ್ಲುತ್ತದೆ. ಅಲ್ಲದೆ, ಪಟ್ಟಿಯ ಕ್ರಮ ನಿಮ್ಮೊಳಗಿನ ಕ್ರಮ. 'ಹೊಣೆಗಾರಿಕೆ' ಮೊದಲ ಸ್ಥಾನದಲ್ಲಿ ಬಂದಾಕ್ಷಣ ನೀವು ನೆರೆಯವರಿಗಿಂತ ಹೊಣೆಯರಿತವರೆಂದು ಅರ್ಥವಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಪರೀಕ್ಷೆಯಲ್ಲಿ ಸಾಕ್ಷಿ ನುಡಿಯುವವರು ನಾವೊಬ್ಬರೇ. ನಾವು ನಮ್ಮ ಬಗ್ಗೆ ಹೇಳಿದ್ದನ್ನೇ ಅದು ಅಂದವಾದ ಭಾಷೆಯಲ್ಲಿ ನಮಗೆ ಹಿಂದಿರುಗಿಸುತ್ತದೆ. ನನ್ನ ಪಟ್ಟಿಯಲ್ಲಿ 'ಸಾಮರಸ್ಯ' ಎಂಬ ಗುಣವಿತ್ತು. ಹೆಸರು ಇಂಪಾಗಿದೆ. ಆದರೆ ಜಗಳವಾಡುವ ಇಬ್ಬರನ್ನು ಒಂದುಗೂಡಿಸುವುದೂ ಸಾಮರಸ್ಯವೆನಿಸುತ್ತದೆ, ಸೊಸೆಗೆ ಅನ್ಯಾಯವಾಗುವಾಗ ಮನೆಯ ಶಾಂತಿಗಾಗಿ ಬಾಯಿ ಮುಚ್ಚಿಕೊಳ್ಳುವುದೂ ಸಾಮರಸ್ಯವೆನಿಸಬಹುದು. ಇವೆರಡರಲ್ಲಿ ನನ್ನದು ಯಾವುದೆಂದು 177 ಪ್ರಶ್ನೆಗಳೂ ತಿಳಿಸಲಾರವು. ನನ್ನೊಡನೆ ಬಾಳುವವರು ಕ್ಷಣದಲ್ಲಿ ತಿಳಿಸಬಲ್ಲರು.

ಸಾಮರ್ಥ್ಯವನ್ನು ಸೂಚಿಸುವ 'ಟ್ಯಾಲೆಂಟ್' ಎಂಬ ಇಂಗ್ಲಿಷ್ ಪದದ ಇತಿಹಾಸವೂ ಇದನ್ನೇ ನೆನಪಿಸುತ್ತದೆ. ಮೂಲದಲ್ಲಿ ಅದು ತೂಕದ ಅಳತೆ. ಕೂಲಿಯಾಳಿನ ಹಲವು ವರ್ಷಗಳ ದುಡಿಮೆಗೆ ಸಮನಾದ ಹಣ. ಸಂತ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಸಾಮತಿಯ ಮೂಲಕವೇ ಅದಕ್ಕೆ 'ಪ್ರತಿಭೆ' ಎಂಬ ಅರ್ಥ ಬಂದಿತು. ಆ ಸಾಮತಿಯಲ್ಲಿ ಹಣ ಸೇವಕರದ್ದಲ್ಲ, ಒಡೆಯನು ಒಪ್ಪಿಸಿಹೋದದ್ದು. ಐದನ್ನು ಪಡೆದವನಿಗೂ ಎರಡನ್ನು ಪಡೆದವನಿಗೂ ದೊರೆತ ಮೆಚ್ಚುಗೆ ಒಂದೇ. ಕೈಯಲ್ಲಿ ಎಷ್ಟಿತ್ತು ಎಂಬುದಕ್ಕಿಂತ ಅದರಿಂದ ಏನಾಯಿತು ಎಂಬುದೇ ಅಲ್ಲಿನ ಲೆಕ್ಕ.

ಆದುದರಿಂದ ಯುವಜನರೇ, ಅವಕಾಶವಿದ್ದರೆ ಪರೀಕ್ಷೆಗೆ ಕುಳಿತುಕೊಳ್ಳಿ. ತನ್ನಲ್ಲಿ ಏನೂ ಇಲ್ಲವೆಂದು ಕುಗ್ಗಿದವರಿಗೆ ಅದು ಧೈರ್ಯ ತುಂಬೀತು. ಆದರೆ ಬಂದ ಪಟ್ಟಿಯನ್ನು ತೀರ್ಪೆಂದು ತಿಳಿಯಬೇಡಿ. 'ನನ್ನ ಸ್ವಭಾವವೇ ಹೀಗೆ' ಎಂಬ ನೆಪಕ್ಕೆ ಅದನ್ನು ಆಧಾರವಾಗಿಸಬೇಡಿ. ಅದನ್ನು ಮನೆಯವರಿಗೆ ತೋರಿಸುವ ಮುನ್ನ, 'ನನ್ನಿಂದ ನಿಮಗೆ ದೊರೆತ ಒಳಿತು ಏನು?' ಎಂದು ಅವರನ್ನು ಕೇಳಿ. ಅವರ ಉತ್ತರ ಪಟ್ಟಿಗೆ ಹೊಂದಿದರೆ ದೇವರಿಗೆ ಕೃತಜ್ಞತೆ ಸಲ್ಲಿಸಿ. ಹೊಂದದಿದ್ದರೆ, ಪಟ್ಟಿಯನ್ನು ಬದಿಗಿಟ್ಟು ಅವರ ಮಾತನ್ನು ಇನ್ನೊಮ್ಮೆ ಆಲಿಸಿ.