‘ಯಜಮಾನ’ ಪದದ ಅರ್ಥವಿಕಾಸ: ಒಂದು ಮರುವಿಚಾರ

ಮನೆಯ ಹಿರಿಯ, ಊರಿನ ಮುಖ್ಯಸ್ಥ, ಅಂಗಡಿಯ ಒಡೆಯ, ಗಂಡ: ಇಂದಿನ ಕನ್ನಡದಲ್ಲಿ ‘ಯಜಮಾನ’ ಪದಕ್ಕೆ ಈ ನಾಲ್ಕೂ ಅರ್ಥಗಳು ರೂಢಿಯಲ್ಲಿವೆ. ನಿಘಂಟುಗಳು ‘ಯಜ್ಞ ಮಾಡಿಸುವವನು’ ಎಂಬ ಅರ್ಥದೊಡನೆ ಇಂಥವನ್ನು ಸಾಲಾಗಿ ಕೊಡುವುದು ಸಾಮಾನ್ಯ. ಇದನ್ನು ಅರ್ಥವಿಸ್ತಾರವೆಂದು ಕರೆಯಬಹುದು. ಆದರೆ ಆ ಹೆಸರು ಪರಿಣಾಮವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಯಜ್ಞಶಾಲೆಯ ಪದ ಅಂಗಡಿಯ ಒಡೆಯನಿಗೆ ಹೇಗೆ ಸಂದಿತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉತ್ತರದ ಸುಳಿವು ಪದದ ರಚನೆಯಲ್ಲಿದೆ. ‘ಯಜ್’ ಉಭಯಪದಿ ಧಾತು. ಕ್ರಿಯಾಫಲ ಕರ್ತೃವಿಗೇ ಸಲ್ಲುವಾಗ ಇಂಥ ಧಾತುಗಳಿಗೆ ಆತ್ಮನೇಪದ ಬರುತ್ತದೆಂಬುದು ಪಾಣಿನಿಯ ನಿಯಮ (1.3.72). ದಕ್ಷಿಣೆ ಪಡೆದು ಯಜ್ಞ ನಡೆಸಿಕೊಡುವ ಋತ್ವಿಜರಿಗೆ ‘ಯಜಂತಿ’ ಎಂಬ ಪರಸ್ಮೈಪದ ರೂಪ ಸಲ್ಲುತ್ತದೆ. ಫಲವನ್ನು ಪಡೆಯುವವನಿಗೆ ‘ಯಜತೇ’ ಎಂಬುದು. ‘ಯಜಮಾನ’ ಎಂಬುದನ್ನು ಪಾಣಿನಿ ಬೇರೊಂದು ಸೂತ್ರದಿಂದ (3.2.128) ಸಾಧಿಸಿದರೂ ಚಾರಿತ್ರಿಕವಾಗಿ ಅದು ಆತ್ಮನೇಪದದ ವರ್ತಮಾನ ಕೃದಂತವೇ. ಹೀಗೆ ಪದದಲ್ಲಿ ಮೂರು ಅಂಶಗಳು ಸೇರಿವೆ: ವೆಚ್ಚ ಅವನದು, ಕೈಕೆಲಸ ಬಹುಮಟ್ಟಿಗೆ ಇತರರದು, ಫಲ ಅವನದು. ಮುನ್ನಡೆಸುವುದೆಂಬ ಅಂಶ ಇವುಗಳಲ್ಲಿಲ್ಲ. ಅದು ‘ನೀ’ (ಒಯ್ಯು, ನಡೆಸು) ಧಾತುವಿನಿಂದ ಬಂದ ‘ನಾಯಕ’ ಪದಕ್ಕೆ ಸೇರಿದ್ದು.

ಕನ್ನಡದ ಬಳಕೆ ಈ ಭೇದವನ್ನು ಕಾಪಾಡಿಕೊಂಡಿದೆ. ತಂಡದ ನಾಯಕ ಮೈದಾನದಲ್ಲಿ ಆಡುತ್ತಾನೆ. ತಂಡದ ಯಜಮಾನ ಹಣ ತೊಡಗಿಸಿದವನು. ನಾಟಕದ ನಾಯಕ ಬೇರೆ, ನಾಟಕ ಕಂಪನಿಯ ಯಜಮಾನ ಬೇರೆ. ಯಕ್ಷಗಾನದಲ್ಲಿ ಆಟವನ್ನು ಮುನ್ನಡೆಸುವವನು ಭಾಗವತ. ಮೇಳದ ಲಾಭನಷ್ಟ ಅದರ ಯಜಮಾನನದು.

ಆತ್ಮನೇಪದವನ್ನರಿಯದ ಕನ್ನಡಿಗನ ಬಳಕೆಯನ್ನು ಸಂಸ್ಕೃತ ವ್ಯಾಕರಣ ಹೇಗೆ ನಿಯಂತ್ರಿಸೀತು ಎಂಬ ಆಕ್ಷೇಪ ನ್ಯಾಯವಾದುದೇ. ವ್ಯುತ್ಪತ್ತಿ ತಾನಾಗಿ ಅರ್ಥವನ್ನು ನಿರ್ಧರಿಸುವುದಿಲ್ಲ. ಆದರೆ ಇಲ್ಲಿ ಅರ್ಥವನ್ನು ದಾಟಿಸಿದ್ದು ವ್ಯಾಕರಣವಲ್ಲ, ಆಚರಣೆ. ಪೂಜೆ ಮಾಡಿಸುವ ಗೃಹಸ್ಥನನ್ನು ಪುರೋಹಿತರು ಇಂದಿಗೂ ಯಜಮಾನನೆಂದೇ ಕರೆಯುತ್ತಾರೆ. ಹಿಂದಿಯ ‘ಜಜಮಾನ್’ ಈ ಸಂಬಂಧವನ್ನೇ ಹಿಡಿದು, ಕುಶಲಕರ್ಮಿಗಳ ಸೇವೆ ಪಡೆಯುವ ಕುಟುಂಬಕ್ಕೂ ಅನ್ವಯಿಸಿತು. ವಿಲಿಯಂ ವೈಸರ್ 1936ರಲ್ಲಿ ಆ ವ್ಯವಸ್ಥೆಗೆ ಇದೇ ಪದದಿಂದ ಹೆಸರಿಟ್ಟರು. ಕನ್ನಡದಲ್ಲಿ ಸಂಬಂಧದ ದಿಕ್ಕು ಬದಲಾಯಿತು. ಪುರೋಹಿತನಿಗೆ ಎದುರಾಗಿ ನಿಂತಿದ್ದ ಪದ, ಮನೆಮಂದಿಗೆ ಮತ್ತು ಆಳುಕಾಳುಗಳಿಗೆ ಎದುರಾಗಿ ನಿಂತಿತು. ಗೃಹಸ್ಥನೇ ಮನೆಯ ವೆಚ್ಚವನ್ನೂ ಉತ್ಪನ್ನವನ್ನೂ ಹಿಡಿದವನಾದ್ದರಿಂದ ಈ ಸ್ಥಳಾಂತರ ಸಹಜವಾಗಿತ್ತು.

ಈ ವಿಶ್ಲೇಷಣೆಗೆ ನಿಜವಾದ ಪರೀಕ್ಷೆ ಸ್ತ್ರೀಲಿಂಗ ರೂಪ. ಯಜ್ಞದಲ್ಲಿ ಯಜಮಾನನ ಜೊತೆಗಾತಿಗೆ ಸಂಸ್ಕೃತದಲ್ಲಿ ರೂಢವಾದ ಹೆಸರು ‘ಪತ್ನೀ’; ಆ ರೂಪವನ್ನು ಪಾಣಿನಿ ಯಜ್ಞಸಂಬಂಧದಲ್ಲಿಯೇ ಹೇಳುತ್ತಾನೆ (4.1.33). ಕನ್ನಡವಾದರೋ ‘ಯಜಮಾನಿ’ಯನ್ನೂ, ‘ಒಡತಿ’, ‘ಗೌಡತಿ’ಗಳ ಮಾದರಿಯಲ್ಲಿ ‘ಯಜಮಾನತಿ’ಯನ್ನೂ ಬಳಕೆಗೆ ತಂದುಕೊಂಡಿತು. ಆದರೂ ಅರ್ಥ ಸಮವಾಗಲಿಲ್ಲ. ಹೆಂಡತಿ ‘ನಮ್ಮ ಯಜಮಾನರು’ ಎಂದರೆ ಅದು ಸಹಜ ಮಾತು. ಗಂಡ ‘ನಮ್ಮ ಯಜಮಾನಿ’ ಎಂದರೆ ಅದರಲ್ಲಿ ವಿನೋದದ ಧ್ವನಿ ಸೇರುತ್ತದೆ. ರೂಪ ಸಿಕ್ಕಿತು, ಫಲ ಸಿಗಲಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯ ಉದ್ದೇಶಕ್ಕೆ ಹದಿನೆಂಟು ತುಂಬಿದ ಹಿರಿಯ ಮಹಿಳೆಯನ್ನು ಕುಟುಂಬದ ಮುಖ್ಯಸ್ಥೆಯೆಂದಿತು. 2023ರ ಗೃಹಲಕ್ಷ್ಮಿ ಯೋಜನೆ ‘ಮನೆಯ ಯಜಮಾನಿ’ಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿತು. ಪದದ ಮೂರನೆಯ ಅಂಶವಾದ ಫಲ, ಆಡಳಿತ ಭಾಷೆಯ ಮೂಲಕ ಸ್ತ್ರೀಲಿಂಗ ರೂಪಕ್ಕೂ ಹೀಗೆ ಸೇರಿತು. ಆದರೆ ಗಂಡ ಆದಾಯ ತೆರಿಗೆ ಪಾವತಿಸುವವನಾದರೆ ಆಕೆ ಅರ್ಹಳಲ್ಲ. ಎಂದರೆ, ಫಲಕ್ಕೆ ಆಕೆ ಅರ್ಹಳೇ ಎಂಬುದನ್ನು ಅಳೆಯುವಾಗ ಗಂಡನ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ.

ಆದುದರಿಂದ ನಿಘಂಟುಕಾರರಿಗೆ ಎರಡು ಸೂಚನೆಗಳು. ‘ಯಜಮಾನ’ ಪದದ ಅರ್ಥಗಳನ್ನು ವೆಚ್ಚ, ಅಧೀನದ ದುಡಿಮೆ, ಫಲ ಎಂಬ ಅಂಶಗಳ ಆಧಾರದ ಮೇಲೆ ಜೋಡಿಸಬೇಕು. ‘ಯಜಮಾನಿ’ಯನ್ನು ಅದರ ಸ್ತ್ರೀಲಿಂಗವೆಂದಷ್ಟೇ ಹೇಳಿ ಮುಗಿಸದೆ, ತನ್ನದೇ ಚರಿತ್ರೆಯುಳ್ಳ ಪದವಾಗಿ ಪ್ರತ್ಯೇಕ ಉಲ್ಲೇಖ ಕೊಡಬೇಕು.